ಭೀಮೆಯ ದಂಡೆಯ ಪಿಸ್ತೂಲು, ಹತ್ತು ಮೀಟರಿನ ಪಿಸ್ತೂಲು

ನಮ್ಮ ಕಡೆ ಪಿಸ್ತೂಲು ಎಂಬ ಮಾತು ಬಂದರೆ ಕಟ್ಟೆಯ ಮೇಲಿನ ಹರಟೆ ಸಣ್ಣ ದನಿಗೆ ಇಳಿಯುತ್ತದೆ. ಅಫಜಲಪುರ, ಜೇವರ್ಗಿ, ಆಳಂದ ಎಂದು ಹೊರಗಿನವರಿಗೆ ಹೇಳಿದರೆ ಕೆಲವರು ನಗುತ್ತಾ 'ಭೀಮಾ ತೀರದವರಾ?' ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಗಾಣಗಾಪುರದ ದತ್ತನೂ ಇರುವುದಿಲ್ಲ, ನಮ್ಮ ತೊಗರಿಯೂ ಇರುವುದಿಲ್ಲ. ಇರುವುದು ಕಂಟ್ರಿ ಪಿಸ್ತೂಲು ಒಂದೇ.

ಇದೇ ಊರುಗಳಲ್ಲಿ ಈಗ ಬೇರೆ ಪ್ರಶ್ನೆಯೂ ಕೇಳಿಬರುತ್ತಿದೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ಹಿಡಿದು ಎರಡು ಕಂಚು ಗೆದ್ದ ಮೇಲೆ, ಗುರಿ ಹೊಡೆಯುವುದನ್ನು ಸುಮ್ಮನೆ ಒಂದು ಹವ್ಯಾಸವಾಗಿ ಕಲಿಯಬೇಕು, ಯಾವ ಪಿಸ್ತೂಲು ಕೊಂಡರೆ ಒಳ್ಳೆಯದು ಎಂದು ಕೇಳುವ ಹುಡುಗ ಹುಡುಗಿಯರಿದ್ದಾರೆ. ಅಂಗಡಿಯವನು ಈ ಪ್ರಶ್ನೆಗೆ ಬೆಲೆ ಹೇಳಿ ಉತ್ತರ ಮುಗಿಸುತ್ತಾನೆ. ನಮಗೆ ಮಾತ್ರ ಇತಿಹಾಸದಿಂದಲೇ ಶುರು ಮಾಡಬೇಕು ಅನ್ನಿಸಿತು. ಈ ನೆಲದಲ್ಲಿ ಪಿಸ್ತೂಲು ಯಾವುದು ಎನ್ನುವುದಕ್ಕಿಂತ ಅದು ಯಾರ ಕೈಯಲ್ಲಿದೆ, ಯಾರ ಅಪ್ಪಣೆಯಿಂದ ಇದೆ ಎನ್ನುವ ಪ್ರಶ್ನೆಯೇ ಮೊದಲಿನಿಂದಲೂ ದೊಡ್ಡದು.

ತೋಪಿನ ನಾಡು

ಗುಂಡು ಮದ್ದು ನಮಗೆ ಹೊಸದಲ್ಲ. ಕಲಬುರಗಿ ಕೋಟೆಯ ಮೇಲೆ ಇಂದಿಗೂ ಉದ್ದನೆಯ ತೋಪು ಮಲಗಿದೆ. ಅದರ ಹೆಸರೇ ಬಾರಾ ಗಜ್ ತೋಪು, ಅಂದರೆ ಹನ್ನೆರಡು ಗಜದ ತೋಪು. ಆಚೆ ವಿಜಯಪುರದಲ್ಲಿ 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಇದೆ. ಇವೆಲ್ಲ ಸುಲ್ತಾನರ ಆಯುಧಗಳು, ಕೋಟೆಗೆ ಸೇರಿದವು.

ಪಿಸ್ತೂಲು ಹಾಗಲ್ಲ. ಅದು ಒಬ್ಬ ಮನುಷ್ಯನ ಸೊಂಟಕ್ಕೆ ಸೇರಿದ್ದು. ಯೂರೋಪಿನಲ್ಲಿ ಹದಿನಾರನೇ ಶತಮಾನದಲ್ಲಿ ಕುದುರೆ ಸವಾರರಿಗೆ ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಆಯುಧ ಬೇಕಾಯಿತು. ಹಾಗೆ ಪಿಸ್ತೂಲು ಬಳಕೆಗೆ ಬಂತು. 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಗೂಡಿನ ರಿವಾಲ್ವರಿಗೆ ಪೇಟೆಂಟ್ ಪಡೆದ. ಮುಂದಿನ ಇಪ್ಪತ್ತು ವರ್ಷದಲ್ಲಿ ರಿವಾಲ್ವರ್ ಬ್ರಿಟಿಷ್ ಅಧಿಕಾರಿಗಳ ಸೊಂಟಕ್ಕೆ ಬಂತು. ಅಲ್ಲಿಂದ ನಮ್ಮ ನೆರೆಯ ಸುರಪುರದ ಕಥೆಯೊಳಕ್ಕೂ ಬಂತು.

ಸುರಪುರ ಮತ್ತು ಹಲಗಲಿ

ಜೇವರ್ಗಿಯಿಂದ ದಕ್ಷಿಣಕ್ಕೆ ಹೋದರೆ ಸುರಪುರ. ಅಲ್ಲಿನ ಬೇಡ ನಾಯಕರ ಮನೆತನದ ಕೊನೆಯ ಅರಸ ರಾಜಾ ವೆಂಕಟಪ್ಪ ನಾಯಕ. ಅವನು ಚಿಕ್ಕವನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್ ಎಂಬ ಅಧಿಕಾರಿ. ಅರಸ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು, ಸೋತಿತು. ಅರಸ ಸೆರೆ ಸಿಕ್ಕ. ಮೊದಲು ಮರಣದಂಡನೆ ಆಯಿತು. ಆಮೇಲೆ ಅದು ಇಳಿಯುತ್ತಾ ಬಂದು ನಾಲ್ಕು ವರ್ಷದ ಸೆರೆಗೆ ನಿಂತಿತು. ಸೆರೆಮನೆಗೆ ಒಯ್ಯುವಾಗ, ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ, ಕಾವಲಿಗಿದ್ದ ಅಧಿಕಾರಿಯ ರಿವಾಲ್ವರಿನಿಂದ ಅರಸ ತನಗೆ ತಾನೇ ಗುಂಡು ಹೊಡೆದುಕೊಂಡ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇದು ಟೇಲರ್ ಹೇಳುವ ಮಾತು, ಆಳುವವರ ಕಡೆಯ ಮಾತು. ಏನೇ ಇರಲಿ, ಆ ಕಥೆಯಲ್ಲಿ ರಿವಾಲ್ವರ್ ಅರಸನದಲ್ಲ, ಕಾವಲುಗಾರನದು.

ಅದಕ್ಕೂ ಕೆಲವು ತಿಂಗಳ ಹಿಂದೆ ಮುಧೋಳದ ಹತ್ತಿರದ ಹಲಗಲಿಯಲ್ಲಿ ಇನ್ನೊಂದು ನಡೆದಿತ್ತು. ಸಿಪಾಯಿ ದಂಗೆಗೆ ಬೆದರಿದ ಕಂಪನಿ ಸರಕಾರ 1857ರಲ್ಲಿ ಜನರ ಆಯುಧ ಕಸಿಯುವ ಕಾಯ್ದೆ ತಂದಿತು. ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಬೇಟೆ, ಕಾವಲು, ಮರ್ಯಾದೆ ಎಲ್ಲವೂ ಅವರಿಗೆ ಆಯುಧದಲ್ಲೇ ಇತ್ತು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಲಾವಣಿ ಹಾಡುವವರು ಆ ಕಥೆಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ.

ಒಂದು ಹೊಳೆ, ಎರಡು ಸರಕಾರ

1878ರಲ್ಲಿ ಲಾರ್ಡ್ ಲಿಟನ್ ಕಾಲದಲ್ಲಿ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ ಎಂದಿತು. ಆದರೆ ಯೂರೋಪಿಯನ್ನರಿಗೆ ಆ ಕಟ್ಟಲೆಯಿಂದ ವಿನಾಯಿತಿ ಕೊಟ್ಟಿತು. ಕೊಡಗಿನವರಿಗೂ ವಿನಾಯಿತಿ ಸಿಕ್ಕಿತು, ಅದು ಅವರಿಗೆ ಇಂದಿಗೂ ಮುಂದುವರಿದಿದೆ. ಉಳಿದವರಿಗೆ ಇಲ್ಲ. ಕಾಂಗ್ರೆಸ್ಸಿನ ಹಿರಿಯರು ಈ ತಾರತಮ್ಯವನ್ನು ಮತ್ತೆ ಮತ್ತೆ ಖಂಡಿಸಿದರು.

ಈ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ನಮ್ಮ ಮೂರು ತಾಲ್ಲೂಕು ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಭೀಮಾ ನದಿ ಅಫಜಲಪುರದ ಅಂಚಿನಲ್ಲಿ ಗಡಿಯಾಗಿ ಹರಿಯುತ್ತಿತ್ತು. ಆಚೆ ಇಂಡಿ, ಸಿಂದಗಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಈ ದಂಡೆಯಲ್ಲಿ ಒಂದು ಸರಕಾರ, ಒಂದು ಪೊಲೀಸು, ಒಂದು ಅಪ್ಪಣೆ. ಆ ದಂಡೆಯಲ್ಲಿ ಎಲ್ಲವೂ ಬೇರೆ. ಬೇಸಿಗೆಯಲ್ಲಿ ನಡೆದೇ ದಾಟಬಹುದಾದ ಹೊಳೆ ಅದು. ಒಂದು ಕಡೆ ತಪ್ಪು ಮಾಡಿದವನು ಇನ್ನೊಂದು ಕಡೆಗೆ ದಾಟಿದರೆ ಅವನನ್ನು ಹಿಡಿಯುವುದು ಎಷ್ಟು ಕಷ್ಟವಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೀಮಾ ತೀರ ಎಂಬ ಕುಖ್ಯಾತಿಯ ಬೇರು ಈ ಎರಡು ಸರಕಾರದ ನಡುವಿನ ಸಂದಿನಲ್ಲೂ ಇದೆ ಎಂದು ನಮಗೆ ಅನ್ನಿಸುತ್ತದೆ.

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮಗೆ ಬರಲಿಲ್ಲ. ಆಳಂದದಿಂದ ಉಮರ್ಗಾ ದಾಟಿ ಹೋದರೆ ಸಿಗುವ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಬಂದೂಕು ಹಿಡಿದು ಹಳ್ಳಿಗಳಿಗೆ ನುಗ್ಗಿದರು. ಅವರನ್ನು ಎದುರಿಸಲು ಹೋರಾಟಗಾರರು ಗಡಿಯಾಚೆ ಮುಂಡರಗಿ, ಗಜೇಂದ್ರಗಡದಂಥ ಕಡೆ ಶಿಬಿರ ಕಟ್ಟಿದರು, ತಾವೂ ಆಯುಧ ಹಿಡಿದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮರು ಶರಣಾದರು. ನಾವು ಇಂದಿಗೂ ಆ ದಿನ ಧ್ವಜ ಹಾರಿಸುತ್ತೇವೆ.

1956ರ ನವೆಂಬರ್ 1ಕ್ಕೆ ಭೀಮೆಯ ಎರಡೂ ದಂಡೆ ಒಂದೇ ರಾಜ್ಯಕ್ಕೆ ಸೇರಿದವು. 1878ರ ಕಾಯ್ದೆ ಹೋಗಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದು ಜಾರಿಯಾದದ್ದು 1962ರ ಅಕ್ಟೋಬರ್ 1ರಿಂದ. ಗಡಿ ಹೋಯಿತು, ಕಾನೂನು ಒಂದಾಯಿತು. ಆದರೆ ಹೊಲದ ಬದುವಿನ ಜಗಳ, ಮನೆತನದ ದ್ವೇಷ ಹೋಗಲಿಲ್ಲ. ಕೈಕೊಡಲಿ ಹಿಡಿದಿದ್ದ ಕೈಗೆ ಕಂಟ್ರಿ ಪಿಸ್ತೂಲು ಬಂತು. ಪತ್ರಿಕೆಗಳು ಬರೆದವು, 2012ರಲ್ಲಿ ಸಿನಿಮಾ ಕೂಡ ಬಂತು. ಊರಿಗೆ ಹೆಸರು ಅಂಟಿತು.

ಕಂಟ್ರಿ ಪಿಸ್ತೂಲು ಏನು, ಏನಲ್ಲ

ಗುರಿ ಹೊಡೆಯುವ ಆಸೆಯಿಂದ ಕಂಟ್ರಿ ಪಿಸ್ತೂಲಿನ ಕಡೆ ನೋಡುವವರಿಗೆ ಇದೊಂದು ಮಾತು. ಒಳ್ಳೆಯ ಪಿಸ್ತೂಲಿನ ನಳಿಗೆಯ ಒಳಗೆ ತಿರುಪಿನಂಥ ಗೆರೆಗಳಿರುತ್ತವೆ. ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೇರ ಹೋಗುವುದು ಆ ಗೆರೆಗಳಿಂದ. ಕಮ್ಮಾರಸಾಲೆಯಲ್ಲಿ ಕೊಳವೆ ಕೊಯ್ದು ಮಾಡಿದ್ದರಲ್ಲಿ ಸಾಮಾನ್ಯವಾಗಿ ಆ ಗೆರೆಗಳೇ ಇರುವುದಿಲ್ಲ. ಹತ್ತು ಮೀಟರಿನ ಆಚೆ ಗುಂಡು ಎಲ್ಲಿಗೆ ಹೋದೀತು ಎಂದು ಹೊಡೆದವನಿಗೂ ಗೊತ್ತಿರುವುದಿಲ್ಲ. ಕಬ್ಬಿಣ ತಡೆಯದಿದ್ದರೆ ನಳಿಗೆ ಕೈಯಲ್ಲೇ ಒಡೆಯುತ್ತದೆ. ಗುರಿಗೆ ಅದು ಯಾವ ಕೆಲಸಕ್ಕೂ ಬಾರದು.

ಕಾನೂನು ಇನ್ನೂ ಬಿಗಿ. 2019ರ ತಿದ್ದುಪಡಿಯ ನಂತರ, ಲೈಸೆನ್ಸ್ ಇಲ್ಲದ ಬಂದೂಕು ಅಥವಾ ಪಿಸ್ತೂಲು ಬರೀ ಇಟ್ಟುಕೊಂಡಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆ ಇಲ್ಲದ, ಐದು ವರ್ಷದವರೆಗಿನ ಸೆರೆ. ಮಾಡಿದವನಿಗೆ, ಮಾರಿದವನಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, ಲೈಸೆನ್ಸ್ ಇದ್ದರೂ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸೊಂಟಕ್ಕೆ ಸಿಕ್ಕಿಸಿ ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದರೆ ಅದೇ ಸಾಕ್ಷಿ.

ಗುರಿಯ ಪಿಸ್ತೂಲಿನ ವಂಶ ಬೇರೆ

ಪಿಸ್ತೂಲಿಗೆ ಇನ್ನೊಂದು ಇತಿಹಾಸವೂ ಇದೆ. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಪಿಸ್ತೂಲು ಸ್ಪರ್ಧೆ ಇತ್ತು. ಹಂಗೇರಿಯ ಸೈನಿಕ ಕಾರೊಲಿ ಟಕಾಚ್ 1938ರಲ್ಲಿ ಕೈಬಾಂಬ್ ಸಿಡಿದು ಬಲಗೈ ಕಳೆದುಕೊಂಡ. ಗುರಿ ಹೊಡೆಯುವ ಕೈಯೇ ಅದು. ಎಡಗೈಯಲ್ಲಿ ಮೊದಲಿನಿಂದ ಕಲಿತ. 1948 ಮತ್ತು 1952ರ ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ.

ಭಾರತದ ರಾಷ್ಟ್ರೀಯ ರೈಫಲ್ ಸಂಘ ಶುರುವಾದದ್ದು 1951ರಲ್ಲಿ. ಅದರ ಮೊದಲ ಅಧ್ಯಕ್ಷರು ಲೋಕಸಭೆಯ ಮೊದಲ ಸ್ಪೀಕರ್ ಕೂಡ ಆದ ಜಿ. ವಿ. ಮಾವಳಂಕರ್. 1988ರ ಸೋಲ್ ಒಲಿಂಪಿಕ್ಸ್‌ನಿಂದ ಹತ್ತು ಮೀಟರ್ ಏರ್ ಪಿಸ್ತೂಲು ಸೇರಿತು. ಇದರಲ್ಲಿ ಮದ್ದಿಲ್ಲ, ಗಾಳಿಯ ಒತ್ತಡ ಮಾತ್ರ. ಈ ಸ್ಪರ್ಧೆಯಿಂದಲೇ ಸಾಮಾನ್ಯರ ಮಕ್ಕಳಿಗೆ ದಾರಿ ತೆರೆಯಿತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿಯೂ ಬಿಡದೆ, 2014ರ ಗ್ಲ್ಯಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಕರ್ನಾಟಕದ ದಿವ್ಯಾ ಟಿ. ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. ಮನು ಭಾಕರ್ ಹರಿಯಾಣದ ಗೋರಿಯಾ ಎಂಬ ಹಳ್ಳಿಯವರು. ಪ್ಯಾರಿಸ್‌ನಲ್ಲಿ ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿಯವರು, ಹೆಚ್ಚುಕಡಿಮೆ ನಮ್ಮ ನೆರೆಯವರೇ.

ನಮ್ಮಲ್ಲೂ ಗುರಿಯ ಆಟ ಇಲ್ಲವೆಂದಲ್ಲ. ಶರಣಬಸವೇಶ್ವರರ ಜಾತ್ರೆಯಲ್ಲಿ, ಗಾಣಗಾಪುರದಲ್ಲಿ, ಆಳಂದದ ಲಾಡ್ಲೆ ಮಶಾಕ್ ಉರುಸಿನಲ್ಲಿ ಬಲೂನು ಹೊಡೆಯುವ ಅಂಗಡಿ ಬರುತ್ತದೆ. ಅಲ್ಲಿರುವುದು ಏರ್ ಗನ್ನೇ. ಎನ್‌ಸಿಸಿಯಲ್ಲಿದ್ದವರು ಪಾಯಿಂಟ್ ಟೂ ಟೂ ರೈಫಲ್ ಹಿಡಿದಿರುತ್ತಾರೆ. ಈ ಎರಡೂ ಕಡೆ ಒಬ್ಬ ಮೇಲ್ವಿಚಾರಕ ಇರುತ್ತಾನೆ, ಹಿಂದೆ ತಡೆ ಇರುತ್ತದೆ, ಎಣಿಸಿದ ಗುಂಡು ಇರುತ್ತದೆ. ಗುರಿಯ ಪಿಸ್ತೂಲಿನ ಮನೆತನ ಇದು.

ಹಾಗಾದರೆ ಯಾವುದನ್ನು ಆರಿಸಬೇಕು

ಮೊದಲ ಆಯ್ಕೆ ಕಾನೂನಿನದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಅಳತೆ 4.5 ಮಿಲಿಮೀಟರ್ ಮೀರದ, ಗುಂಡಿನ ಶಕ್ತಿ 20 ಜೌಲ್ ಮೀರದ ಗಾಳಿ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಈ ಎರಡರಲ್ಲಿ ಒಂದು ಮೀರಿದರೂ ಬೇಕು. ಮದ್ದಿನ ಪಿಸ್ತೂಲು, ಪಾಯಿಂಟ್ ಟೂ ಟೂ ಆದರೂ ಸರಿ, ಲೈಸೆನ್ಸ್ ಇಲ್ಲದೆ ಇಲ್ಲ. ಅದಕ್ಕೆ ವಯಸ್ಸು 21 ತುಂಬಿರಬೇಕು, ಪೊಲೀಸ್ ವಿಚಾರಣೆ ಆಗಬೇಕು. ಹವ್ಯಾಸಕ್ಕೆ ಶುರು ಮಾಡುವವರಿಗೆ 4.5ರ ಗಾಳಿ ಪಿಸ್ತೂಲೇ ಸಾಕು. ಕೊಳ್ಳುವಾಗ ಗುರುತಿನ ಚೀಟಿ ತೋರಿಸಿ, ಅಳತೆ ಮತ್ತು ಶಕ್ತಿ ಬರೆದ ಬಿಲ್ ಪಡೆಯಿರಿ, ಪಿಸ್ತೂಲು ಇರುವ ತನಕ ಆ ಬಿಲ್ ಇರಲಿ. ಬಿಲ್ ಇಲ್ಲದೆ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ.

ಎರಡನೆಯದು ಶಕ್ತಿ. 'ಜೋರಾಗಿ ಹೊಡೆಯುವುದು ಯಾವುದು' ಎಂದೇ ಹೆಚ್ಚಿನವರು ಕೇಳುತ್ತಾರೆ. ಸ್ಪರ್ಧೆಯ ಏರ್ ಪಿಸ್ತೂಲಿನ ಅರ್ಧ ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ. ಲೆಕ್ಕ ಹಾಕಿದರೆ 6 ಜೌಲಿನ ಒಳಗೆ. ಅಂದರೆ ಕಾನೂನು ಬಿಟ್ಟಿರುವ ಮಿತಿಯ ಮೂರನೇ ಒಂದು ಪಾಲೂ ಇಲ್ಲ. ಒಲಿಂಪಿಕ್ಸ್ ಪದಕಕ್ಕೆ ಇಷ್ಟು ಸಾಕಾದರೆ ನಮಗೂ ಸಾಕು. ಹೊಡೆಯಬೇಕಾದದ್ದು ಕಾಗದ. ಅದರ ನಡುವಿನ ಹತ್ತರ ವೃತ್ತ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು.

ಮೂರನೆಯದು ಗಾಳಿ ಬರುವ ಬಗೆ. ಸ್ಪ್ರಿಂಗ್ ಪಿಸ್ತೂಲನ್ನು ಪ್ರತಿ ಸಲ ಕೈಯಿಂದ ಎಳೆದು ಸಜ್ಜು ಮಾಡಬೇಕು. ಹೊಡೆದಾಗ ಸ್ವಲ್ಪ ಕುಲುಕುತ್ತದೆ. ಆದರೆ ಕರೆಂಟು, ಪಂಪು, ಸಿಲಿಂಡರ್ ಏನೂ ಬೇಡ. ಹಳ್ಳಿಯಲ್ಲಿ ಕಲಿಯುವವರಿಗೆ ಇದು ಅನುಕೂಲ. ಕಾರ್ಬನ್ ಡೈಆಕ್ಸೈಡ್ ಡಬ್ಬಿಯದು ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಅದರ ಒತ್ತಡ ಏರಿ ಬೆಳಿಗ್ಗೆಯ ಗುರಿಗೂ ಮಧ್ಯಾಹ್ನದ ಗುರಿಗೂ ವ್ಯತ್ಯಾಸ ಬರುತ್ತದೆ. ಡಬ್ಬಿಗಳನ್ನು ಬಿಸಿಲಲ್ಲಿ ಬಿಡುವುದಂತೂ ಅಪಾಯ. ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿದ ಪಿಸ್ತೂಲು ಎಲ್ಲಕ್ಕಿಂತ ನಿಖರ. ಸ್ಪರ್ಧೆಯಲ್ಲಿರುವುದು ಅದೇ. ಆದರೆ ಬೆಲೆ ಹೆಚ್ಚು, ಗಾಳಿ ತುಂಬಲು ವಿಶೇಷ ಪಂಪು ಬೇಕು, ಕೆಟ್ಟರೆ ರಿಪೇರಿ ದೂರ. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲೇ ಕೆಟ್ಟು ಬೆಲೆಬಾಳುವ ನಿಮಿಷಗಳು ಹೋದವು. ಸರಳವಾದದ್ದು ಒಳ್ಳೆಯದು ಎಂಬ ಪಾಠ ಅಲ್ಲಿದೆ.

ನಾಲ್ಕನೆಯದು ತೂಕ ಮತ್ತು ಹಿಡಿ. ಸ್ಪರ್ಧೆಯ ನಿಯಮದಲ್ಲಿ ಪಿಸ್ತೂಲು 1,500 ಗ್ರಾಂ ಮೀರುವಂತಿಲ್ಲ, ಕುದುರೆ ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕು, ಹಿಡಿಯಬೇಕಾದದ್ದು ಒಂದೇ ಕೈಯಲ್ಲಿ. ಕೊಳ್ಳುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕಿಲೊ. ಅದನ್ನು ತೋಳು ಚಾಚಿ ಹಿಡಿದು ಅಲುಗದೆ ಎಷ್ಟು ಹೊತ್ತು ನಿಲ್ಲುತ್ತೀರಿ ನೋಡಿ. ಸ್ಪರ್ಧೆಯಲ್ಲಿ ಅರವತ್ತು ಸಲ ಹೀಗೆ ಎತ್ತಬೇಕು. ಹಿಡಿ ನಿಮ್ಮ ಅಂಗೈಗೆ ಕೂರಬೇಕು, ಎಡಚರಿಗೆ ಎಡಗೈಯದೇ ಬೇಕು. ಟಕಾಚ್‌ನ ಕಥೆ ನೆನಪಿರಲಿ: ಚಿನ್ನ ಗೆದ್ದದ್ದು ಕಲಿತ ಕೈ.

ಕಾಗದದ ಆಚೆ

20 ಜೌಲಿನ ಒಳಗಿನದು ಆಟಿಕೆಯಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಗುರಿಯ ಹಿಂದೆ ದಪ್ಪ ಮಣ್ಣಿನ ಗೋಡೆ ಅಥವಾ ಮಣ್ಣು ತುಂಬಿದ ಚೀಲಗಳಿರಲಿ. ನಮ್ಮ ಕಡೆ ಎಲ್ಲೆಲ್ಲೂ ಶಹಾಬಾದ್ ಫರ್ಸಿ ಕಲ್ಲು. ಅದರ ಮುಂದೆ ಗುರಿ ಇಡಬೇಡಿ, ಗುಂಡು ತಿರುಗಿ ಬರುತ್ತದೆ. ಚಪ್ಪಟೆ ತಲೆಯ ಗುಂಡು ಬಳಸಿದರೆ ಕಾಗದದಲ್ಲಿ ದುಂಡನೆಯ ತೂತು ಬೀಳುತ್ತದೆ, ಅಂಕ ಎಣಿಸಲು ಸುಲಭ. ಗುಂಡು ಸೀಸದ್ದು, ಮುಟ್ಟಿದ ಮೇಲೆ ಕೈ ತೊಳೆದೇ ಊಟ. ಮಕ್ಕಳು ಹಿರಿಯರಿಲ್ಲದೆ ಮುಟ್ಟಕೂಡದು. ಹಕ್ಕಿಗೆ, ಮೊಲಕ್ಕೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅಪರಾಧ.

ಇನ್ನೊಂದು ನಮ್ಮ ಊರಿಗೇ ಸೇರಿದ ಎಚ್ಚರಿಕೆ. ಗಾಳಿ ಪಿಸ್ತೂಲು ದೂರದಿಂದ ನೋಡಿದರೆ ಪಿಸ್ತೂಲೇ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ ಎದುರಿನವನಿಗೆ ಜೌಲಿನ ಲೆಕ್ಕ ಗೊತ್ತಿರುವುದಿಲ್ಲ. ಹಳೆಯ ದ್ವೇಷ ಇರುವ ಊರಿನಲ್ಲಿ ಅಷ್ಟು ಸಾಕು, ಒಂದು ಜೀವ ಹೋಗಲು. ಡಬ್ಬಿಯಲ್ಲಿ ಹಾಕಿ, ಬೀಗ ಹಾಕಿ, ಗುಂಡನ್ನು ಬೇರೆ ಇಟ್ಟು ಒಯ್ಯಿರಿ. ಗುರಿಯ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಹೊರಗೆ ತೆಗೆಯಬೇಡಿ.

ಹತ್ತು ಮೀಟರ್ ಅಂದರೆ ಸುಮಾರು 33 ಅಡಿ. ಅಷ್ಟು ಉದ್ದದ ಕೋಣೆ ಕಾಲೇಜಿನಲ್ಲಿರುತ್ತದೆ, ಸಮುದಾಯ ಭವನದಲ್ಲಿರುತ್ತದೆ. ಮಣ್ಣಿನ ಗೋಡೆ ಕಟ್ಟುವವರು ನಮ್ಮಲ್ಲೇ ಇದ್ದಾರೆ. ಎನ್‌ಸಿಸಿಯಲ್ಲಿ ತರಬೇತಿ ಪಡೆದವರಿದ್ದಾರೆ, ನಿವೃತ್ತ ಸೈನಿಕರಿದ್ದಾರೆ. ಒಬ್ಬೊಬ್ಬರೂ ಒಂದೊಂದು ಪಿಸ್ತೂಲು ಕೊಳ್ಳುವುದಕ್ಕಿಂತ, ಠಾಣೆಗೆ ತಿಳಿಸಿ, ಹತ್ತು ಮಂದಿ ಸೇರಿ ಒಂದು ಒಳ್ಳೆಯ ಗಾಳಿ ಪಿಸ್ತೂಲು, ಒಂದು ಗೋಡೆ, ಒಂದು ಹಾಜರಿ ಪುಸ್ತಕ ಇಟ್ಟುಕೊಂಡರೆ ಸಾಕು. ಯಾರು ಬಂದರು, ಎಷ್ಟು ಗುಂಡು ಹೊಡೆದರು, ಎಷ್ಟು ಅಂಕ ಎಲ್ಲವೂ ಬರೆದಿರಲಿ.

ಸುರಪುರದಲ್ಲಿ ರಿವಾಲ್ವರ್ ಕಾವಲುಗಾರನ ಕೈಯಲ್ಲಿತ್ತು. ಹಲಗಲಿಯಲ್ಲಿ ಆಯುಧವನ್ನು ಕೈಯಿಂದ ಕಸಿದರು. ರಜಾಕಾರರ ಕಾಲದಲ್ಲಿ ಅದು ಹೆದರಿಸುವವನ ಕೈಗೆ ಹೋಯಿತು, ಆಮೇಲೆ ದ್ವೇಷದ ಕೈಗೆ. ಈಗ ಲೈಸೆನ್ಸಿನ ಹಂಗಿಲ್ಲದೆ, ಕಾನೂನಿನ ಒಳಗೇ, ಒಂದು ಸಣ್ಣ ಗಾಳಿ ಪಿಸ್ತೂಲು ಅಫಜಲಪುರದ ಅಥವಾ ಜೇವರ್ಗಿಯ ಯಾವ ಹುಡುಗಿಯ ಕೈಗಾದರೂ ಬರಬಹುದು. ಅವಳ ಮುಂದೆ ಇರಬೇಕಾದದ್ದು ಅಂಗಿಯ ಗುಂಡಿಯಷ್ಟು ದೊಡ್ಡ ವೃತ್ತವಿರುವ ಒಂದು ಕಾಗದ ಮಾತ್ರ.